ಜೆಕಿಲ್‌ಗೆ ಭಾವೀ ಪತ್ನಿಯನ್ನು ಕೊಟ್ಟವರು ಯಾರು?

ಪ್ರಶ್ನೆ: ರಾಬರ್ಟ್ ಲೂಯಿ ಸ್ಟೀವನ್‌ಸನ್ ಬರೆದ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆಯನ್ನು ಇತ್ತೀಚೆಗೆ ಓದಿ, ಆಮೇಲೆ 1931 ಮತ್ತು 1941ರ ಹಾಲಿವುಡ್ ಚಿತ್ರಗಳನ್ನು ನೋಡಿದೆ. ಎರಡರಲ್ಲೂ ಜೆಕಿಲ್‌ಗೆ ಮದುವೆ ಗೊತ್ತಾದ ಹುಡುಗಿ ಒಬ್ಬಳು, ಹೈಡ್‌ನ ಕೈಗೆ ಸಿಕ್ಕಿ ನರಳುವ ಹೆಣ್ಣು ಇನ್ನೊಬ್ಬಳು ಇದ್ದಾರೆ. ಪುಸ್ತಕದಲ್ಲಿ ಇವರ ಸುಳಿವೇ ಇಲ್ಲ. ಇವರು ಎಲ್ಲಿಂದ ಬಂದರು? 1931ರ ಚಿತ್ರದಲ್ಲಿ ದೃಶ್ಯವನ್ನು ಕತ್ತರಿಸದೆ ಮುಖ ಬದಲಾಗುವುದನ್ನು ಹೇಗೆ ತೋರಿಸಿದರು? ಪುಸ್ತಕಕ್ಕೆ ನಿಷ್ಠವಾದ ಚಿತ್ರ ಯಾವುದಾದರೂ ಇದೆಯೇ?

ಉತ್ತರ: ನೀವು ಕೇಳಿದ ಇಬ್ಬರಲ್ಲಿ ಮೊದಲನೆಯವಳು ಬಂದದ್ದು 1887ರ ಒಂದು ನಾಟಕದಿಂದ, ಎರಡನೆಯವಳು ಕಥೆಯಲ್ಲಿ ಭದ್ರವಾಗಿ ನೆಲೆನಿಂತದ್ದು 1920ರ ಒಂದು ಮೂಕಿ ಚಿತ್ರದಲ್ಲಿ. ಹಾಲಿವುಡ್ ನೂರು ವರ್ಷಗಳಿಂದ ಚಿತ್ರಿಸುತ್ತಾ ಬಂದಿರುವುದು ಬಹುಮಟ್ಟಿಗೆ ಸ್ಟೀವನ್‌ಸನ್ನನ ಪುಸ್ತಕವನ್ನಲ್ಲ, ಆ ನಾಟಕವನ್ನು. ಇದನ್ನು ಒಪ್ಪಿಕೊಂಡರೆ ನಿಮ್ಮ ಮೂರು ಪ್ರಶ್ನೆಗಳೂ ಒಂದೇ ಪ್ರಶ್ನೆಯ ಮೂರು ಮುಖಗಳೆಂದು ತಿಳಿಯುತ್ತದೆ.

ಪುಸ್ತಕದ ಕಟ್ಟಡವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಸ್ಟೀವನ್‌ಸನ್ ಇದನ್ನು 1885ರಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್ ಪಟ್ಟಣದಲ್ಲಿ ಕಾಯಿಲೆಯ ನಡುವೆ ಬರೆದ. 1886ರ ಜನವರಿಯಲ್ಲಿ ಅದು ಪ್ರಕಟವಾಯಿತು. ಹತ್ತು ಅಧ್ಯಾಯಗಳ ಈ ಕಿರುಕಾದಂಬರಿಯ ಮೊದಲ ಎಂಟರಲ್ಲಿ ನಾವು ಅಟರ್ಸನ್ ಎಂಬ ಮಿತಭಾಷಿ ವಕೀಲನ ಬೆನ್ನ ಹಿಂದೆಯೇ ನಡೆಯುತ್ತೇವೆ. ತನ್ನ ಗೆಳೆಯ ಜೆಕಿಲ್ ತನ್ನ ಆಸ್ತಿಯನ್ನೆಲ್ಲ ಹೈಡ್ ಎಂಬ ಅಪರಿಚಿತನಿಗೆ ಉಯಿಲು ಬರೆದಿಟ್ಟದ್ದು ಏಕೆ, ಆ ಹೈಡ್ ಇವನನ್ನು ಯಾವುದೋ ಹಳೆಯ ಗುಟ್ಟಿನ ಬಲದಿಂದ ಹೆದರಿಸಿ ಹಣ ಕೀಳುತ್ತಿದ್ದಾನೆಯೇ, ಎಂದು ಅಟರ್ಸನ್ ಯೋಚಿಸುತ್ತಾನೆ. ಇಬ್ಬರೂ ಒಬ್ಬನೇ ಎಂಬ ಸಂಗತಿ ಜೆಕಿಲ್‌ನ ಹಳೆಯ ಗೆಳೆಯ ಡಾಕ್ಟರ್ ಲಾನ್ಯನ್‌ನ ಪತ್ರವಾದ ಒಂಬತ್ತನೆಯ ಅಧ್ಯಾಯದವರೆಗೆ ಬಯಲಾಗುವುದಿಲ್ಲ. ಅದರ ಕಾರಣ ತಿಳಿಯುವುದು ಜೆಕಿಲ್‌ನ ತಪ್ಪೊಪ್ಪಿಗೆಯಾದ ಕೊನೆಯ ಅಧ್ಯಾಯದಲ್ಲಿ. 1886ರ ಓದುಗನಿಗೆ ಇದು ಪತ್ತೇದಾರಿ ಕಥೆಯಾಗಿತ್ತು. ಇಂದು ಕಥೆಯನ್ನು ಓದದವರಿಗೂ ಉತ್ತರ ಗೊತ್ತಿರುವುದರಿಂದ, ಆ ಮೊದಲ ಓದಿನ ಸುಖ ನಮಗೆ ಯಾರಿಗೂ ಇನ್ನು ದಕ್ಕುವುದಿಲ್ಲ.

ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ರೂಪ ಬದಲಾಗುವುದನ್ನು ಪುಸ್ತಕದಲ್ಲಿ ಕಣ್ಣಾರೆ ಕಾಣುವ ಹೊರಗಿನ ಸಾಕ್ಷಿ ಲಾನ್ಯನ್ ಒಬ್ಬನೇ. ಅವನು ಕಾಣುವುದು ಹೈಡ್ ಜೆಕಿಲ್ ಆಗುವುದನ್ನೇ ಹೊರತು ಜೆಕಿಲ್ ಹೈಡ್ ಆಗುವುದನ್ನಲ್ಲ. ಹಾಗೆಯೇ, ಹೈಡ್‌ನ ಮುಖ ಹೇಗಿತ್ತೆಂದು ಯಾರೂ ಹೇಳಲಾರರು. ಕುಳ್ಳ, ಎಳೆಯ ವಯಸ್ಸಿನವನು, ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ, ಏನೋ ಊನವಿದೆ ಎನ್ನಿಸುತ್ತದೆ. ಆದರೆ ಊನ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಗುಟ್ಟನ್ನು ಕೊನೆಯವರೆಗೆ ಮುಚ್ಚಿಟ್ಟ, ಖಳನ ಮುಖವನ್ನೇ ವರ್ಣಿಸದ ಇಂಥ ಕಥೆಯನ್ನು, ಮುಖಗಳನ್ನು ತೋರಿಸದೆ ಬದುಕಲಾರದ ರಂಗಭೂಮಿ ಕೈಗೆತ್ತಿಕೊಂಡಾಗ ಏನಾಗಬೇಕೋ ಅದೇ ಆಯಿತು.

ಬಾಸ್ಟನ್ನಿನ ಥಾಮಸ್ ರಸೆಲ್ ಸಲಿವನ್ ಎಂಬ ನಾಟಕಕಾರ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನಟನಿಗಾಗಿ ಕಥೆಯನ್ನು ನಾಟಕವಾಗಿಸಿದ. 1887ರ ಮೇ ತಿಂಗಳಲ್ಲಿ ಅದು ಬಾಸ್ಟನ್ನಿನಲ್ಲೇ ರಂಗಕ್ಕೆ ಬಂತು. ಒಬ್ಬನೇ ನಟ ಎರಡೂ ಪಾತ್ರ ಮಾಡುತ್ತಾನೆಂದು ಪ್ರೇಕ್ಷಕನಿಗೆ ತಿಳಿದ ಮೇಲೆ ಗುಟ್ಟು ಉಳಿಯುವುದಿಲ್ಲ. ಹೀಗಾಗಿ 'ಹೈಡ್ ಯಾರು?' ಎಂಬ ಪ್ರಶ್ನೆಯ ಜಾಗದಲ್ಲಿ 'ಜೆಕಿಲ್‌ನ ಗತಿ ಏನಾಗುತ್ತದೆ?' ಎಂಬ ಪ್ರಶ್ನೆ ಬಂದು ಕೂತಿತು. ಆ ಪ್ರಶ್ನೆಗೆ ತೂಕ ಬರಬೇಕಾದರೆ ಜೆಕಿಲ್ ಕಳೆದುಕೊಳ್ಳುವಂಥದ್ದು ಏನಾದರೂ ಇರಬೇಕಲ್ಲ. ಪುಸ್ತಕದಲ್ಲಿ ಹೈಡ್‌ನ ಕೈಯಲ್ಲಿ ಸಾಯುವ ಸರ್ ಡ್ಯಾನ್ವರ್ಸ್ ಕೆರೂ ಜೆಕಿಲ್‌ಗೆ ನಂಟನಲ್ಲ. ನಾಟಕದಲ್ಲಿ ಅವನಿಗೊಬ್ಬ ಮಗಳು ಹುಟ್ಟಿಕೊಂಡಳು, ಅವಳೇ ಜೆಕಿಲ್‌ನ ಭಾವೀ ಪತ್ನಿಯಾದಳು. ಐವತ್ತರ ಆಸುಪಾಸಿನ ಒಂಟಿ ಬ್ರಹ್ಮಚಾರಿ ಪ್ರಾಯದ ಪ್ರೇಮಿಯಾದ. ವಕೀಲ ಅಟರ್ಸನ್ ಪಕ್ಕಕ್ಕೆ ಸರಿದ. ನೀವು 1931ರಲ್ಲಿ ಕಂಡ ಮ್ಯೂರಿಯಲ್, 1941ರಲ್ಲಿ ಕಂಡ ಬಿಯಾಟ್ರಿಕ್ಸ್ ಇಬ್ಬರೂ ಈ ಹುಡುಗಿಯ ವಂಶದವರು.

ಮ್ಯಾನ್ಸ್‌ಫೀಲ್ಡ್ ನಾಟಕವನ್ನು 1888ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರಕ್ಕೆ ತಂದ. ಅದೇ ತಿಂಗಳ ಕೊನೆಯಲ್ಲಿ ವೈಟ್‌ಚಾಪೆಲ್ ಬೀದಿಗಳಲ್ಲಿ 'ಜ್ಯಾಕ್ ದಿ ರಿಪ್ಪರ್' ಎಂದು ಹೆಸರಾದವನ ಕೊಲೆಗಳು ಆರಂಭವಾದವು. ಪತ್ರಿಕೆಗಳು ಕೊಲೆಗಾರನನ್ನು ಹೈಡ್‌ಗೆ ಹೋಲಿಸಿದವು, ಈ ನಟನ ಮೇಲೇ ಸಂಶಯಪಟ್ಟು ಪೊಲೀಸರಿಗೆ ಪತ್ರ ಬರೆದವರೂ ಇದ್ದರು. ಪುಸ್ತಕ ಪ್ರಕಟವಾಗಿ ಎರಡೂವರೆ ವರ್ಷಗಳ ಮೇಲೆ ನಡೆದ ಕೊಲೆಗಳು ಹೀಗೆ ಹೈಡ್‌ಗೆ ಅಂಟಿಕೊಂಡು, 1971ರ 'ಡಾಕ್ಟರ್ ಜೆಕಿಲ್ ಆಂಡ್ ಸಿಸ್ಟರ್ ಹೈಡ್', ಆಂಥನಿ ಪರ್ಕಿನ್ಸ್ ನಟಿಸಿದ 1989ರ 'ಎಡ್ಜ್ ಆಫ್ ಸ್ಯಾನಿಟಿ' ಮೊದಲಾದ ಚಿತ್ರಗಳಲ್ಲಿ ಹೈಡ್ ಮತ್ತು ರಿಪ್ಪರ್ ಒಬ್ಬನೇ ಆಗಿಬಿಟ್ಟರು. ಸ್ಟೀವನ್‌ಸನ್ನನ ಹೈಡ್ ಮಾಡುವ ಘೋರ ಅಪರಾಧಗಳು ಎಂಥವು? ಎದುರಿಗೆ ಓಡಿಬಂದ ಪುಟ್ಟ ಹುಡುಗಿಯನ್ನು ತುಳಿದುಕೊಂಡು ನಡೆದುಬಿಡುವುದು, ದಾರಿ ಕೇಳಿದ ಮುದುಕನನ್ನು ಊರುಗೋಲಿನಿಂದ ಬಡಿದು ಕೊಲ್ಲುವುದು. ಎರಡರಲ್ಲೂ ಲಂಪಟತನದ ವಾಸನೆಯಿಲ್ಲ. 1887ರಲ್ಲಿ ಒಬ್ಬ ಅಮೆರಿಕನ್ ಪತ್ರಕರ್ತನಿಗೆ ಬರೆದ ಪತ್ರದಲ್ಲಿ ಸ್ಟೀವನ್‌ಸನ್ ಈ ವಿಷಯವನ್ನು ಖಾರವಾಗಿಯೇ ಸ್ಪಷ್ಟಪಡಿಸಿದ್ದಾನೆ: ಹೈಡ್ ಬರೀ ಭೋಗಲಾಲಸೆಯ ಮನುಷ್ಯನಲ್ಲ, ಕೆಡುಕು ಇರುವುದು ಜೆಕಿಲ್‌ನಲ್ಲೇ, ಅವನು ಹೆಂಗಸರನ್ನು ಬಯಸಿದ್ದರಿಂದಲ್ಲ, ಕಪಟಿಯಾದ್ದರಿಂದ ಎಂಬುದು ಅದರ ತಾತ್ಪರ್ಯ. ಲೇಖಕ ಬದುಕಿದ್ದಾಗಲೇ ಇಷ್ಟು ನೇರವಾಗಿ ಹೇಳಿದ ಮಾತನ್ನು ಸಿನಿಮಾ ಹೀಗೆ ಕಿವಿಗೆ ಹಾಕಿಕೊಳ್ಳದೆ ಹೋದದ್ದಕ್ಕೆ ಬೇರೆ ಉದಾಹರಣೆ ನನಗೆ ಸುಲಭವಾಗಿ ನೆನಪಾಗುವುದಿಲ್ಲ.

1908ರಿಂದ ಮುಂದೆ ಬಂದ ಮೂಕಿ ಚಿತ್ರಗಳಲ್ಲಿ ಹಲವು ಕಳೆದುಹೋಗಿವೆ. ಜರ್ಮನಿಯಲ್ಲಿ ನಿರ್ದೇಶಕ ಮುರ್ನಾವ್ ಪಾತ್ರಗಳ ಹೆಸರು ಬದಲಾಯಿಸಿ, ಕಾನ್ರಾಡ್ ಫೈಟ್‌ನನ್ನು ಹಾಕಿಕೊಂಡು 1920ರಲ್ಲಿ ಮಾಡಿದ ಚಿತ್ರವೂ ಹೀಗೆಯೇ ಹೋಯಿತು. ಅದು ದೊಡ್ಡ ನಷ್ಟ. ಅದೇ ವರ್ಷ ಅಮೆರಿಕದಲ್ಲಿ ಜಾನ್ ಎಸ್. ರಾಬರ್ಟ್‌ಸನ್ ನಿರ್ದೇಶಿಸಿದ, ಜಾನ್ ಬ್ಯಾರಿಮೋರ್ ನಟಿಸಿದ ಚಿತ್ರ ಉಳಿದಿದೆ. ನಾಟಕದ ಭಾವೀ ಪತ್ನಿಯ ಎದುರಿಗೆ ಜೀನಾ ಎಂಬ ನರ್ತಕಿಯನ್ನು ನಿಲ್ಲಿಸಿ ಇಬ್ಬರು ಹೆಣ್ಣುಗಳ ಚೌಕಟ್ಟನ್ನು ಗಟ್ಟಿಮಾಡಿದ್ದು ಈ ಚಿತ್ರವೇ. ಇದರಲ್ಲಿ ಹುಡುಗಿಯ ತಂದೆ ಆಸ್ಕರ್ ವೈಲ್ಡ್‌ನ ಡೋರಿಯನ್ ಗ್ರೇ ಕಾದಂಬರಿಯ ಲಾರ್ಡ್ ಹೆನ್ರಿಯಂತೆ ಮಾತನಾಡುತ್ತ, ಪುಣ್ಯವಂತನಾದ ಜೆಕಿಲ್‌ನನ್ನು ತಾನೇ ಆಸೆಗಳ ಕಡೆಗೆ ತಳ್ಳುತ್ತಾನೆ. ಹಾಗೆ ಮಾಡಿದಾಗ ಜೆಕಿಲ್‌ನ ಹೊಣೆಯೆಲ್ಲ ಮಾವನಾಗುವವನ ತಲೆಗೆ ಹೋಗುತ್ತದೆ. ಕಥೆಯ ಬೆನ್ನೆಲುಬನ್ನೇ ಮುರಿದ ಬದಲಾವಣೆಯಿದು. ಆದರೂ ಬ್ಯಾರಿಮೋರ್‌ಗಾಗಿ ಈ ಚಿತ್ರವನ್ನು ನೋಡಲೇಬೇಕು. ಮೊದಲ ಬಾರಿ ಮದ್ದು ಕುಡಿದಾಗ ಅವನು ಮೇಕಪ್ಪಿನ ನೆರವನ್ನು ಬಹುತೇಕ ಪಡೆಯದೆ, ಕುತ್ತಿಗೆ, ದವಡೆ, ಕಣ್ಣುಗಳನ್ನು ತಿರುಚಿಯೇ ಇನ್ನೊಬ್ಬನಾಗುತ್ತಾನೆ. ರಂಗನಟರ ಆ ಹಳೆಯ ವಿದ್ಯೆ ಹೇಗಿತ್ತೆಂದು ತಿಳಿಯಲು ನಮಗೆ ಉಳಿದಿರುವ ಒಳ್ಳೆಯ ಕಿಂಡಿ ಇದು.

ಇನ್ನು 1931ರ ಚಿತ್ರ. ರೂಬೆನ್ ಮಮೂಲಿಯನ್ ಅದಾಗಲೇ ರಂಗಭೂಮಿಯಲ್ಲಿ ಹೆಸರು ಮಾಡಿ ಬಂದಿದ್ದ ನಿರ್ದೇಶಕ. ರಂಗಭೂಮಿ ಯಾವುದನ್ನು ಮಾಡಲಾರದೋ ಅದನ್ನೇ ಹುಡುಕಿ ಮಾಡಿದ್ದರಲ್ಲಿ ಅವನ ಹೆಚ್ಚುಗಾರಿಕೆ ಇದೆ. ಚಿತ್ರದ ಮೊದಲ ಕೆಲವು ನಿಮಿಷ ನಾವು ಜೆಕಿಲ್‌ನನ್ನು ನೋಡುವುದೇ ಇಲ್ಲ, ಜೆಕಿಲ್‌ನ ಕಣ್ಣಿನಿಂದ ನೋಡುತ್ತೇವೆ: ಆರ್ಗನ್ ನುಡಿಸುವ ಕೈಗಳು, ವಿನಯದಿಂದ ಬಾಗುವ ಮನೆಯಾಳು ಪೂಲ್, ಸಾರೋಟು, ಉಪನ್ಯಾಸದ ಸಭಾಂಗಣ. ನಡುವೆ ಕನ್ನಡಿಯಲ್ಲಿ ಒಮ್ಮೆ ಮುಖ ಕಂಡಾಗ ಅದು ನಮ್ಮದೇ ಮುಖವೇನೋ ಎಂಬಂತಾಗುತ್ತದೆ. ಹೀಗೆ ಪ್ರೇಕ್ಷಕನನ್ನು ಮೊದಲೇ ಜೆಕಿಲ್‌ನ ತಲೆಯೊಳಗೆ ಕೂರಿಸಿದ್ದರಿಂದ ಮುಂದೆ ಮುಖ ಬದಲಾಗುವ ಗಳಿಗೆಗೆ ಬೇರೆಯೇ ಬಲ ಬರುತ್ತದೆ.

ಆ ಗಳಿಗೆಯ ಉಪಾಯ ಮಮೂಲಿಯನ್ ದಶಕಗಳ ಕಾಲ ಬಿಟ್ಟುಕೊಡದ ಗುಟ್ಟಾಗಿತ್ತು. ತತ್ತ್ವ ಸರಳ. ಕಪ್ಪು-ಬಿಳುಪು ಫಿಲ್ಮಿಗೆ ಬಣ್ಣ ಬೂದಿಯ ಛಾಯೆಯಾಗಿ ಮಾತ್ರ ದಾಖಲಾಗುತ್ತದೆ. ಜೆಕಿಲ್ ಆಗಿ ನಟಿಸಿದ ಫ್ರೆಡ್ರಿಕ್ ಮಾರ್ಚ್‌ನ ಮುಖದ ಮೇಲೆ ಕೆಂಪು ಬಣ್ಣದಿಂದ ಸುಕ್ಕು, ಗುಳಿ, ನೆರಳುಗಳನ್ನು ಬರೆದಿದ್ದರು. ಕ್ಯಾಮೆರಾದ ಮುಂದೆ ಕೆಂಪು ಫಿಲ್ಟರ್ ಇರುವಾಗ ಕೆಂಪು ಗೆರೆಗಳೂ ಮೈಬಣ್ಣವೂ ಒಂದೇ ತಿಳಿ ಛಾಯೆಯಲ್ಲಿ ಬೀಳುವುದರಿಂದ ಗೆರೆಗಳು ಕಾಣುವುದಿಲ್ಲ. ಫಿಲ್ಟರನ್ನು ಮೆಲ್ಲಗೆ ಸರಿಸಿ ಹಸಿರಿನತ್ತ ತಂದರೆ ಅದು ಕೆಂಪನ್ನು ತಡೆಯುತ್ತದೆ; ಆಗ ಅದೇ ಗೆರೆಗಳು ಕರ್ರಗಾಗುತ್ತ ಚರ್ಮದ ಒಳಗಿನಿಂದಲೇ ಮೇಲೆದ್ದು ಬಂದಂತೆ ತೋರುತ್ತವೆ. ನಟ ಅಲುಗಾಡಬಹುದು, ಏದುಸಿರು ಬಿಡಬಹುದು, ಶಾಟ್ ಕತ್ತರಿಸುವ ಅಗತ್ಯವಿಲ್ಲ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲವಾದ್ದರಿಂದ ಇದಕ್ಕೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮೇ ಬೇಕು. ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ 1925ರ 'ಬೆನ್-ಹರ್' ಚಿತ್ರದಲ್ಲಿ ಕುಷ್ಠರೋಗಿಗಳು ಗುಣವಾಗುವ ದೃಶ್ಯಕ್ಕೆ ಇದೇ ಉಪಾಯವನ್ನು ತಿರುವುಮುರುವಾಗಿ ಬಳಸಿದ್ದ. ಈ ಹಂತ ಮುಗಿದ ಮೇಲೆ ಬರುವ ಹಲ್ಲು, ಕೂದಲು, ಅಗಲವಾದ ಮೂಗುಗಳೆಲ್ಲ ವಾಲಿ ವೆಸ್ಟ್‌ಮೋರ್‌ನ ಮೇಕಪ್ಪಿನ ಕೆಲಸ. ಅವುಗಳಿಗೆ ಕತ್ತರಿ ಬೇಕೇ ಬೇಕು. ಆ ಹೊತ್ತಿಗೆ ಕ್ಯಾಮೆರಾ ಗಿರ್ರನೆ ತಿರುಗುತ್ತಿರುತ್ತದೆ, ಹಿನ್ನೆಲೆಯಲ್ಲಿ ಜಾಗಟೆಯ ನಾದವನ್ನು ಹಿಂದುಮುಂದು ಮಾಡಿ ಬೆರೆಸಿದ ವಿಚಿತ್ರ ಸದ್ದಿರುತ್ತದೆ, ಜೊತೆಗೆ ನಿರ್ದೇಶಕ ಮೆಟ್ಟಿಲು ಹತ್ತಿಳಿದು ಬಂದು ಧ್ವನಿಮುದ್ರಿಸಿಕೊಂಡ ಅವನದೇ ಎದೆಬಡಿತ ಇರುತ್ತದೆ. ನಮ್ಮ ಗಮನ ಕತ್ತರಿಯ ಕಡೆಗೆ ಹೋಗದಿರಲು ಇಷ್ಟು ಸಾಕು.

ಮಾರ್ಚ್‌ನ ಹೈಡ್ ವಾನರರೂಪಿ. ಮೊದಲು ಹೊರಗೆ ಬಂದಾಗ ಮಳೆಗೆ ಮುಖವೊಡ್ಡಿ ನಲಿಯುವ ಅವನಲ್ಲಿ ಕೆಟ್ಟತನಕ್ಕಿಂತ ಪ್ರಾಣಿಸಹಜವಾದ ಹಿಗ್ಗೇ ಹೆಚ್ಚು. ಮಿರಿಯಮ್ ಹಾಪ್ಕಿನ್ಸ್ ಅಭಿನಯಿಸಿದ, ನೀವು ಕೇಳಿದ ಎರಡನೆಯ ಹೆಣ್ಣಾದ ಐವಿಯನ್ನು ಹಿಂಸಿಸುವ ದೃಶ್ಯಗಳು ಬರುತ್ತ ಬರುತ್ತ ಅವನ ರೂಪವೂ ಇನ್ನಷ್ಟು ವಿಕಾರವಾಗುತ್ತದೆ. ಮಾರ್ಚ್‌ಗೆ 1932ರಲ್ಲಿ ಅತ್ಯುತ್ತಮ ನಟನೆಂದು ಆಸ್ಕರ್ ಬಂತು. 'ದಿ ಚಾಂಪ್' ಚಿತ್ರದ ವಾಲೇಸ್ ಬಿಯರಿಗಿಂತ ಅವನಿಗೆ ಒಂದೇ ಮತ ಹೆಚ್ಚು ಬಿದ್ದಿತ್ತು. ಆಗಿನ ನಿಯಮದಂತೆ ಅಷ್ಟು ಸಣ್ಣ ಅಂತರವನ್ನು ಸಮ ಎಂದು ಪರಿಗಣಿಸಿ ಇಬ್ಬರಿಗೂ ಪ್ರಶಸ್ತಿ ಕೊಟ್ಟರು.

ಹತ್ತು ವರ್ಷಗಳ ನಂತರ ಎಂಜಿಎಂ ಸಂಸ್ಥೆ ಕಥೆಯನ್ನು ಮತ್ತೆ ತೆಗೆಯಲು ಹೊರಟಾಗ ಮಮೂಲಿಯನ್ ಚಿತ್ರದ ಹಕ್ಕುಗಳನ್ನು ಪ್ಯಾರಮೌಂಟ್‌ನಿಂದ ಕೊಂಡು, ಸ್ಪರ್ಧೆ ಇರಬಾರದೆಂದು ಹಳೆಯ ಚಿತ್ರವನ್ನು ಚಲಾವಣೆಯಿಂದ ಹಿಂತೆಗೆದುಕೊಂಡಿತು. ವಿಕ್ಟರ್ ಫ್ಲೆಮಿಂಗ್ ನಿರ್ದೇಶಿಸಿದ 1941ರ ಚಿತ್ರದ ಚೌಕಟ್ಟು ನಿಮಗೆ ಪರಿಚಿತವೆನಿಸಿದ್ದಕ್ಕೆ ಕಾರಣ, ಅದು ಹೆಚ್ಚೂ ಕಡಿಮೆ ಹಿಂದಿನ ಚಿತ್ರಕಥೆಯ ಪುನಾರಚನೆ. ಇದರಲ್ಲಿ ಜೆಕಿಲ್ ಆದ ಸ್ಪೆನ್ಸರ್ ಟ್ರೇಸಿ ಮೇಕಪ್ ತೀರ ಕಡಿಮೆ ಹಚ್ಚಿಕೊಂಡ. ಸೆಟ್ಟಿಗೆ ಬಂದಿದ್ದ ಲೇಖಕ ಸಾಮರ್‌ಸೆಟ್ ಮಾಮ್ ಅವನನ್ನು ನೋಡಿ, ಈಗ ಇವನು ಇಬ್ಬರಲ್ಲಿ ಯಾರು ಎಂದು ಕೇಳಿದನೆಂಬ ಕಥೆಯೊಂದು ಚಾಲ್ತಿಯಲ್ಲಿದೆ. ಅದು ಕುಹಕವಾಗಿದ್ದರೂ ಪುಸ್ತಕದ ದೃಷ್ಟಿಯಿಂದ ನೋಡಿದರೆ ಟ್ರೇಸಿಯ ಆಯ್ಕೆಯೇ ಸರಿ. ಈ ಚಿತ್ರಕ್ಕೆ ಭಾರವಾದದ್ದು ಬೇರೆ: ಜೆಕಿಲ್ ಚಾವಟಿ ಬೀಸಿ ಓಡಿಸುವ ಎರಡು ಕುದುರೆಗಳು ಇಬ್ಬರು ಹೆಣ್ಣುಗಳಾಗಿ ಬದಲಾಗುವ ಕನಸಿನ ದೃಶ್ಯದಂಥ, ಫ್ರಾಯ್ಡ್‌ನನ್ನು ಅರೆಬರೆ ಓದಿಕೊಂಡ ಜಾಣತನ. ಒಳ್ಳೆಯ ಹುಡುಗಿಯ ಪಾತ್ರಕ್ಕೆ ಆರಿಸಿದ್ದ ಇಂಗ್ರಿಡ್ ಬರ್ಗ್‌ಮನ್ ತಾನಾಗಿಯೇ ಕೇಳಿ ಐವಿಯ ಪಾತ್ರವನ್ನು ಪಡೆದುಕೊಂಡಳು. ಚಿತ್ರವನ್ನು ಉಳಿಸಿದ್ದು ಆ ಅದಲುಬದಲು.

ಹೈಡ್‌ನ ಮುಖ ಹೇಗಿರಬೇಕು ಎಂಬ ತೊಡಕನ್ನು ಆಮೇಲಿನವರು ಬೇರೆ ಬೇರೆ ದಾರಿಗಳಲ್ಲಿ ಬಿಡಿಸಲು ನೋಡಿದರು. ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಗಾಗಿ ಟೆರೆನ್ಸ್ ಫಿಶರ್ 1960ರಲ್ಲಿ ಮಾಡಿದ 'ದಿ ಟು ಫೇಸಸ್ ಆಫ್ ಡಾಕ್ಟರ್ ಜೆಕಿಲ್' ಚಿತ್ರದಲ್ಲಿ ಗಡ್ಡದ, ಸಪ್ಪೆ ಮೋರೆಯ ಜೆಕಿಲ್ ಸ್ಫುರದ್ರೂಪಿಯಾದ ಹೈಡ್ ಆಗುತ್ತಾನೆ. ಮೂರು ವರ್ಷಗಳ ಮೇಲೆ ಜೆರ್ರಿ ಲೂಯಿಸ್ 'ದಿ ನಟ್ಟಿ ಪ್ರೊಫೆಸರ್'ನಲ್ಲಿ ಇದೇ ತಿರುವನ್ನು ಹಾಸ್ಯಕ್ಕೆ ಬಳಸಿ, ನನ್ನ ಅಭಿಪ್ರಾಯದಲ್ಲಿ, ಫಿಶರ್‌ಗಿಂತ ಕ್ರೂರವಾದ ಹೈಡ್‌ನನ್ನು ಸೃಷ್ಟಿಸಿದ. ನಮ್ಮಲ್ಲಿ ಸಂಜೀವ್ ಕುಮಾರ್ ನಟಿಸಿದ 1981ರ ಹಿಂದಿ ಚಿತ್ರ 'ಚೆಹರೆ ಪೆ ಚೆಹರಾ' ಇದೇ ಕಥೆಯ ಎಳೆಯದು. ಕುತೂಹಲಕ್ಕೆ ನೋಡಬಹುದು, ಅಷ್ಟೇ.

1996ರಲ್ಲಿ ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ 'ಮೇರಿ ರೈಲಿ'ಯನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ನಿಮ್ಮ ಮೊದಲ ಪ್ರಶ್ನೆಗೆ ಸಿನಿಮಾವೇ ತಡವಾಗಿ ಕೊಟ್ಟ ಉತ್ತರ. ಪುಸ್ತಕದಲ್ಲಿ ಹೆಂಗಸರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ತುಳಿತಕ್ಕೆ ಸಿಕ್ಕ ಹುಡುಗಿ, ಕಿಟಕಿಯಿಂದ ಕೊಲೆಯನ್ನು ಕಂಡ ಕೆಲಸದವಳು, ಲಂಡನ್ನಿನ ಸೊಹೊದಲ್ಲಿ ಹೈಡ್‌ನ ಮನೆ ನೋಡಿಕೊಳ್ಳುವ ಬೆಳ್ಳಿಗೂದಲಿನ ಮುದುಕಿ, ಕೊನೆಯ ರಾತ್ರಿ ಜೆಕಿಲ್‌ನ ಮನೆಯಲ್ಲಿ ಹೆದರಿ ಬಿಕ್ಕುವ ಆಳು ಹುಡುಗಿ, ಇವರೆಲ್ಲ ಇದ್ದಾರೆ, ಯಾರಿಗೂ ಹೆಸರಿಲ್ಲ. ವ್ಯಾಲೆರಿ ಮಾರ್ಟಿನ್ ತನ್ನ 1990ರ ಕಾದಂಬರಿಯಲ್ಲಿ ಆ ಮನೆಯ ಆಳು ಹುಡುಗಿಗೆ ಹೆಸರು ಕೊಟ್ಟು, ಅವಳ ಕಣ್ಣಿನಿಂದ ಇಡೀ ಕಥೆ ಹೇಳಿದಳು. ಫ್ರಿಯರ್ಸ್ ಚಿತ್ರಕ್ಕೆ ಆಧಾರ ಅದು. ಜೆಕಿಲ್‌ಗೂ ಹೈಡ್‌ಗೂ ಜಾನ್ ಮಾಲ್ಕೊವಿಚ್ ಮುಖದಲ್ಲಿ ವ್ಯತ್ಯಾಸ ತೀರ ಅಲ್ಪ. ಚಿತ್ರ ಸೋತಿತು; ನಡುಭಾಗ ಎಳೆದಾಡುತ್ತದೆ ಎಂಬುದೂ ನಿಜ. ಆದರೂ ಭಾವೀ ಪತ್ನಿ ಮತ್ತು ನರ್ತಕಿಯ ಹಳೆಯ ಜೋಡಿಯನ್ನು ಕೈಬಿಟ್ಟು, ಪುಸ್ತಕದೊಳಗೇ ಇದ್ದ ಹೆಣ್ಣನ್ನು ಹುಡುಕಿದ ಅದರ ಪ್ರಾಮಾಣಿಕತೆ ನನಗೆ ಇಷ್ಟ.

ನಿಷ್ಠವಾದ ಚಿತ್ರ ಯಾವುದೆಂಬ ಪ್ರಶ್ನೆಗೆ ನನ್ನ ಉತ್ತರ: ಫ್ರಾನ್ಸಿನಲ್ಲಿ ಝಾನ್ ರೆನ್ವಾ 1959ರಲ್ಲಿ ದೂರದರ್ಶನಕ್ಕಾಗಿ ಮಾಡಿದ 'ಡಾಕ್ಟರ್ ಕಾರ್ಡೆಲಿಯೆಯ ಉಯಿಲು'. ಇದರಲ್ಲಿ ಲಂಡನ್ ಇಲ್ಲ, ವಿಕ್ಟೋರಿಯಾ ಕಾಲವಿಲ್ಲ. ಕಥೆ ನಡೆಯುವುದು ಆಗಿನ ಪ್ಯಾರಿಸ್ಸಿನಲ್ಲಿ. ಜೆಕಿಲ್ ಕಾರ್ಡೆಲಿಯೆ ಎಂಬ ಮನೋವೈದ್ಯನಾಗಿದ್ದಾನೆ, ಹೈಡ್ ಓಪಾಲ್ ಆಗಿದ್ದಾನೆ. ಆದರೆ ನಾವು ಮತ್ತೆ ಒಬ್ಬ ವಕೀಲನ ಜೊತೆಯಲ್ಲಿದ್ದೇವೆ, ಮತ್ತೆ ಉಯಿಲಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತೇವೆ, ಪ್ರೇಮಕಥೆಯ ಉಪದ್ರವವಿಲ್ಲ, ಸತ್ಯ ಹೊರಬೀಳುವುದು ಕೊನೆಯಲ್ಲಿ. ಪತ್ರದ ಬದಲಿಗೆ ಟೇಪ್ ರೆಕಾರ್ಡರಿನಲ್ಲಿ ದಾಖಲಾದ ತಪ್ಪೊಪ್ಪಿಗೆಯ ಮೂಲಕ. ಎರಡೂ ಪಾತ್ರ ಮಾಡಿದ ಝಾನ್-ಲೂಯಿ ಬಾರೋ ಮೂಕಾಭಿನಯದಲ್ಲಿ ಪಳಗಿದವನು. ಅವನ ಓಪಾಲ್ ದೊಗಲೆ ಬಟ್ಟೆಯಲ್ಲಿ ಭುಜ ಕುಣಿಸುತ್ತ, ಕೋಲು ತಿರುಗಿಸುತ್ತ ನಡೆಯುವ ರೀತಿಯಲ್ಲೇ ಭಯ ಹುಟ್ಟುತ್ತದೆ. ಹೆಸರುಗಳನ್ನು ಬದಲಾಯಿಸಿದ್ದು ಸ್ವಚ್ಛಂದತೆಯಂತೆ ಕಂಡರೂ ನಿಷ್ಠೆಯ ಲಕ್ಷಣವೆಂದೇ ನಾನು ತಿಳಿಯುತ್ತೇನೆ. ತೆರೆಯ ಮೇಲೆ ಜೆಕಿಲ್ ಎಂಬ ಹೆಸರು ಬಂದ ಕ್ಷಣವೇ ಗುಟ್ಟು ಸತ್ತಿರುತ್ತದೆ. ಗುಟ್ಟನ್ನು ಕಾಯಬೇಕೆಂದರೆ ಹೆಸರನ್ನು ಬಿಡಲೇಬೇಕು.

ಇದಕ್ಕೆ ಪೂರಕವಾಗಿ 1971ರ 'ಐ, ಮಾನ್ಸ್ಟರ್' ಚಿತ್ರವನ್ನು ನೋಡಿ. ಅಲ್ಲಿ ಅಟರ್ಸನ್ (ಪೀಟರ್ ಕುಶಿಂಗ್), ಅವನ ನಂಟ ಎನ್‌ಫೀಲ್ಡ್, ಲಾನ್ಯನ್ ಎಲ್ಲರೂ ಪುಸ್ತಕದ ಹೆಸರಿನಲ್ಲೇ ಇದ್ದಾರೆ, ಭಾವೀ ಪತ್ನಿ ಇಲ್ಲ. ಆದರೆ ವಿಚಿತ್ರವೆಂದರೆ ಜೆಕಿಲ್ ಮತ್ತು ಹೈಡ್ ಮಾತ್ರ ಮಾರ್ಲೋ ಮತ್ತು ಬ್ಲೇಕ್ ಆಗಿದ್ದಾರೆ. ಕ್ರಿಸ್ಟೊಫರ್ ಲೀ ಅಭಿನಯಿಸಿದ ಬ್ಲೇಕ್‌ನ ಮುಖ ಕಂತುಕಂತಾಗಿ ಕೆಡುತ್ತದೆ. ರೂಪ ಬದಲಾಗುವುದನ್ನು ನಮಗೆ ಮೊದಲೇ ತೋರಿಸಿಬಿಡುವುದರಿಂದ ಹೆಸರು ಬದಲಾಯಿಸಿದ ಲಾಭವನ್ನು ಅದು ಕೈಯಾರೆ ಕಳೆದುಕೊಳ್ಳುತ್ತದೆ.

1931ರ ಚಿತ್ರದ ಬಗ್ಗೆ ಒಂದು ಎಚ್ಚರಿಕೆ. 1934ರಿಂದ ಹಾಲಿವುಡ್ಡಿನ ನೀತಿಸಂಹಿತೆಯನ್ನು ಬಿಗಿಯಾಗಿ ಜಾರಿಗೆ ತಂದ ಮೇಲೆ, ಮರುಬಿಡುಗಡೆಗಾಗಿ ಅದರಿಂದ ಹಲವು ನಿಮಿಷಗಳ ಭಾಗವನ್ನು ಕತ್ತರಿಸಿದ್ದರು. ಐವಿ ಮಂಚದ ಮೇಲೆ ಕುಳಿತು ಜೆಕಿಲ್‌ನನ್ನು ಕರೆಯುವ ದೃಶ್ಯಕ್ಕೂ ಕತ್ತರಿ ಬಿದ್ದಿತ್ತು. ಜೆಕಿಲ್ ಅಲ್ಲಿಂದ ಹೊರಟ ಮೇಲೂ ಅವಳ ತೂಗಾಡುವ ಕಾಲು ಅವನ ಮುಂದಿನ ದೃಶ್ಯದ ಮೇಲೆ ಬಹಳ ಹೊತ್ತು ಉಳಿಯುವಂತೆ ಮಮೂಲಿಯನ್ ಅಲ್ಲಿ ಎರಡು ಚಿತ್ರಿಕೆಗಳನ್ನು ಬೆಸೆದಿದ್ದಾನೆ. ಅದು ಮಂದವಾದರೆ ಜೆಕಿಲ್ ಮದ್ದು ಕುಡಿಯುವ ಕಾರಣವೂ ಮಂದವಾಗುತ್ತದೆ. ಕತ್ತರಿಸಿದ ಭಾಗದ ಬಹುಪಾಲನ್ನು ಈಗ ಮರಳಿ ಸೇರಿಸಿದ್ದಾರೆ. ನೀವು ನೋಡಿದ ಪ್ರತಿಯ ಅವಧಿ ಒಂದೂವರೆ ಗಂಟೆಗಿಂತ ಕಡಿಮೆ ಇದ್ದರೆ ಅದು ಕತ್ತರಿ ಬಿದ್ದ ಪ್ರತಿಯೆಂದೇ ತಿಳಿದು, ಪೂರ್ಣ ಆವೃತ್ತಿಯನ್ನು ಹುಡುಕಿ ಮತ್ತೊಮ್ಮೆ ನೋಡಿ.